ಒಂದು ಟ್ಯಾಂಕು, ಹತ್ತೊಂಬತ್ತು ಮೀನು: ಯಾರ ಜೊತೆ ಯಾರನ್ನು ಬಿಡಬೇಕು?

ನಮ್ಮ ಬಿ ಬ್ಲಾಕ್ ಕಾಮನ್ ರೂಮಿಗೆ ಬಂದವರೆಲ್ಲ ಆ ಅಕ್ವೇರಿಯಂ ನೋಡಿರ್ತೀರಿ. ಟಿವಿ ಪಕ್ಕ, ಕೇರಂ ಬೋರ್ಡಿನ ಹಿಂದೆ, ಹಸಿರು ಸ್ಟ್ಯಾಂಡ್ ಮೇಲೆ ಇದೆ. ಮ್ಯಾಚ್ ನೋಡುವಾಗ ಅದರ ಮುಚ್ಚಳದ ಮೇಲೆ ಟೀ ಲೋಟ ಇಡುವ ಮಹಾನುಭಾವರೂ ಇದ್ದಾರೆ. ಅವರ ವಿಷಯ ಇನ್ನೊಂದು ಸಲ ಮಾತಾಡೋಣ. ಈ ಜೂನ್‌ಗೆ ನನ್ನ ಎಂಟನೇ ಸೆಮ್ ಮುಗಿಯುತ್ತೆ, ರೂಮ್ ಖಾಲಿ ಮಾಡ್ತೀನಿ. ಟ್ಯಾಂಕ್ ಮಾತ್ರ ಇಲ್ಲೇ ಇರುತ್ತೆ.

ಹೋದ ವಾರ ಮೂರು ಜನ ಜೂನಿಯರ್‌ಗಳು ಫೋನ್‌ನಲ್ಲಿ ಒಂದು ಫೋಟೋ ತೋರಿಸಿ ಕೇಳಿದರು: "ಅಣ್ಣಾ, ಟ್ಯಾಂಕಲ್ಲಿ ಇನ್ನೂ ತುಂಬಾ ಜಾಗ ಇದೆಯಲ್ಲ, ಎರಡು ಏಂಜೆಲ್ ತಂದು ಬಿಡೋಣ್ವಾ?" ಬೇಡ ಅಂದೆ. ಯಾಕೆ ಅಂದರು. "ಹೊಂದಲ್ಲ" ಅಂದೆ. ಅವರ ಮುಖ ನೋಡಿದ್ರೆ ಉತ್ತರ ಸಾಕಾಗಿಲ್ಲ ಅಂತ ಗೊತ್ತಾಯಿತು. ನ್ಯಾಯವೇ. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ನನಗೂ ಯಾರಾದರೂ ಬರೀ "ಹೊಂದಲ್ಲ" ಅಂದಿದ್ದರೆ ನಾನೂ ಕೇಳ್ತಿರಲಿಲ್ಲ. ಅದಕ್ಕೇ ಈ ಉದ್ದದ ಉತ್ತರ.

ಹನ್ನೊಂದು ದಿನದ ಕಥೆ

ಮೂರನೇ ಸೆಮ್‌ನಲ್ಲಿದ್ದಾಗ ನಮಗೆ ಈ ಟ್ಯಾಂಕ್ ಪುಕ್ಕಟೆ ಸಿಕ್ಕಿತು. ಪಾಸಾಗಿ ಹೋದ ಸೀನಿಯರ್ ಒಬ್ಬರು ಬಿಟ್ಟುಹೋಗಿದ್ದು. ನಾನು, ನನ್ನ ಕುಂದಾಪುರದ ರೂಮ್‌ಮೇಟ್, ಎದುರು ರೂಮಿನ ಇಬ್ಬರು, ಎಲ್ಲ ಸೇರಿ ದುಡ್ಡು ಹಾಕಿದೆವು. ಶನಿವಾರ ಬೆಳಗ್ಗೆ ಟ್ಯಾಂಕ್ ತೊಳೆದು ನೀರು ತುಂಬಿಸಿ, ಸಂಜೆ ಅಂಗಡಿಗೆ ಹೋಗಿ ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ಆರಿಸಿದೆವು. ಎರಡು ಗೋಲ್ಡ್ ಫಿಶ್, ಎರಡು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಆರು ನಿಯಾನ್ ಟೆಟ್ರಾ, ಮೂರು ಗಪ್ಪಿ, ಗಾಜು ಕ್ಲೀನ್ ಮಾಡುತ್ತೆ ಅಂತ ಒಂದು ಸಕ್ಕರ್, ಮತ್ತು ಅಂಗಡಿಯವನು "ಶಾರ್ಕ್" ಅಂತ ಹೇಳಿ ಕೊಟ್ಟ ನಾಲ್ಕು ಇಂಚಿನ ಒಂದು ಬೆಳ್ಳಿ ಬಣ್ಣದ ಮೀನು. ಒಟ್ಟು 19. "ಎಲ್ಲಾ ಒಟ್ಟಿಗೆ ಇರ್ತವೆ ಸರ್, ಏನೂ ಆಗಲ್ಲ" ಅಂದ. ಅವನ ಅಂಗಡಿಯ ಟ್ಯಾಂಕಿನಲ್ಲಿ ಎರಡು ದಿನ ಒಟ್ಟಿಗೆ ಇದ್ದವು ಅನ್ನೋದು ಸುಳ್ಳೇನಲ್ಲ.

ಮೂರನೇ ದಿನ ನಿಯಾನ್ ಎಣಿಸಿದರೆ ನಾಲ್ಕೇ ಇದ್ದವು. ಹೆಣ ಎಲ್ಲೂ ಇಲ್ಲ. ಆರನೇ ದಿನಕ್ಕೆ ಒಂದೂ ಇಲ್ಲ. ಅಷ್ಟರಲ್ಲಿ ಏಂಜೆಲ್‌ಗಳ ಉದ್ದ ರೆಕ್ಕೆ ಹರಿದ ಬಾವುಟದ ಹಾಗೆ ಆಗಿತ್ತು. ಗಪ್ಪಿಗಳಿಗೆ ಬಾಲವೇ ಇರಲಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಸಕ್ಕರ್ ಹೋಗಿ ಗೋಲ್ಡ್ ಫಿಶ್‌ನ ಮೈಗೇ ಅಂಟಿಕೊಳ್ಳುತ್ತಿತ್ತು, ಲೋಳೆ ನೆಕ್ಕಲಿಕ್ಕೆ. ಎಂಟನೇ ದಿನ ಉಳಿದವೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾವು ಗಾಬರಿಯಲ್ಲಿ ಪೂರ್ತಿ ನೀರು ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಸೋಪು ಹಾಕಿ ತೊಳೆದು, ಹೊಸ ನೀರು ತುಂಬಿದೆವು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ ಅಂತ ಆಮೇಲೆ ಗೊತ್ತಾಯಿತು. ಹನ್ನೊಂದನೇ ದಿನಕ್ಕೆ 13 ಮೀನು ಹೋಗಿದ್ದವು. ಸಿಕ್ಕ ಏಳನ್ನು ಹಿಂದಿನ ಹೊಂಗೆ ಮರದ ಬುಡದಲ್ಲಿ ಹೂತೆವು. ನನ್ನ ರೂಮ್‌ಮೇಟ್ ಗುದ್ದಲಿ ಹಿಡಿದು ನಿಂತವನು ಹೇಳಿದ: "ಎಂತ ಮಾರಾಯಾ, ಮನೆಯಲ್ಲಿ ಬಂಗುಡೆ ತಿಂಬುವಾಗ ಏನೂ ಅನ್ಸುದಿಲ್ಲ. ಇದನ್ನ ಕಂಡ್ರೆ ಹೊಟ್ಟೆ ಚುರುಕ್ ಅಂತದೆ."

ಬಂಗುಡೆಯನ್ನು ನಾವು ಸಾಕಿರಲಿಲ್ಲ. ಇವುಗಳನ್ನು ನಾವೇ ಆರಿಸಿ, ನಾವೇ ಗಾಜಿನೊಳಗೆ ಕೂಡಿಹಾಕಿದ್ದೆವು. ಎಲ್ಲಿಗೂ ಓಡಿಹೋಗೋಕೆ ಆಗದ ಜಾಗದಲ್ಲಿ ಯಾರ ಪಕ್ಕ ಯಾರಿರಬೇಕು ಅಂತ ತೀರ್ಮಾನ ಮಾಡಿದ್ದು ನಾವು. ಹಾಸ್ಟೆಲ್ ರೂಮ್ ಅಲಾಟ್‌ಮೆಂಟ್ ಸರಿ ಇಲ್ಲ ಅಂದ್ರೆ ವಾರ್ಡನ್ ಹತ್ತಿರ ಹೋಗಿ ಜಗಳ ಆಡ್ತೀವಿ. ನಿಯಾನ್ ಟೆಟ್ರಾ ಯಾರ ಹತ್ತಿರ ಹೋಗುತ್ತೆ?

ಮೊದಲು ಟ್ಯಾಂಕ್, ಆಮೇಲೆ ಮೀನು

ನಮ್ಮ ಟ್ಯಾಂಕ್ 3 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ಅಂದ್ರೆ 3.75 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಸುಮಾರು 106 ಲೀಟರ್. ಆದರೆ ಕೆಳಗೆ ಎರಡು ಇಂಚು ಮರಳು, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ನೀರು ನಿಲ್ಲೋದು 11 ಇಂಚು ಮಾತ್ರ. ಲೆಕ್ಕ ಹಾಕಿ: 78 ಲೀಟರ್. ಅಂಗಡಿಯಲ್ಲಿ "ನೂರು ಲೀಟರ್ ಟ್ಯಾಂಕ್" ಅಂತ ಹೇಳಿ ಮೀನು ಕೇಳಿದರೆ ಕಾಲು ಭಾಗ ಅಲ್ಲೇ ತಪ್ಪಿತು.

ಇನ್ನೊಂದು ಜನಪ್ರಿಯ ಸೂತ್ರ ಇದೆ, ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು ಅಂತ. ಗ್ಯಾಲನ್ ಅಂದ್ರೆ ಇಲ್ಲಿ ಅಮೆರಿಕದ್ದು, 3.8 ಲೀಟರ್. ಇಂಜಿನಿಯರಿಂಗ್ ಓದೋರು ಇದನ್ನು ನಂಬಬಾರದು. ಹತ್ತು ಇಂಚಿನ ಆಸ್ಕರ್ ಮೀನು ಒಂದು ಇಂಚಿನ ಹತ್ತು ಮೀನಿಗೆ ಸಮ ಅಲ್ಲ. ಉದ್ದ ಹತ್ತು ಪಟ್ಟಾದರೆ ಗಾತ್ರ ಘನದ ಲೆಕ್ಕದಲ್ಲಿ ಏರುತ್ತೆ, ಆಕಾರ ಒಂದೇ ಥರ ಇದ್ದರೆ ಸಾವಿರ ಪಟ್ಟು. ತಿನ್ನೋದು, ವಿಸರ್ಜಿಸೋದು ಸರಿಯಾಗಿ ಸಾವಿರ ಪಟ್ಟು ಆಗದಿದ್ದರೂ ಹತ್ತು ಪಟ್ಟಿನ ಹತ್ತಿರವಂತೂ ನಿಲ್ಲಲ್ಲ. ಬೆರಳುದ್ದದ ಸಣ್ಣ ಮೀನುಗಳಿಗೆ ಮಾತ್ರ ಆ ಸೂತ್ರ ಒಂದು ಅಂದಾಜು ಕೊಡುತ್ತೆ, ಅಷ್ಟೆ.

ನೀರನ್ನು ಮೀನಿಗೆ ಹೊಂದಿಸೋಕೆ ಹೋಗಬೇಡಿ

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿರ್ತೀರಿ. ವೈನ್ ರೆಡ್‌ನಿಂದ ನೀಲಿಗೆ ತಿರುಗುವ ತನಕ ಹನಿ ಹನಿ ಬಿಡೋದು, ನೀಲಿ ಆದ ಮೇಲೆ ಇನ್ನೂ ಎರಡು ಹನಿ ಬಿಟ್ಟು ರೀಡಿಂಗ್ ಹಾಳು ಮಾಡಿಕೊಳ್ಳೋದು. ಆಮೇಲೆ ಆ ಪ್ರಯೋಗ ಯಾರ ಜೀವನದಲ್ಲೂ ಉಪಯೋಗಕ್ಕೆ ಬಂದಿರಲ್ಲ. ನನಗೆ ಬಂತು. ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರನ್ನು ಕೇಳಿಕೊಂಡು ಹಾಸ್ಟೆಲ್ ಬೋರ್‌ವೆಲ್ ನೀರಿನ ಗಡಸುತನ ಅಳೆದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 340 ಪಿಪಿಎಂ. ಪಿಎಚ್ ಸುಮಾರು 8. ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟೋದು, ಸೋಪು ನೊರೆ ಬಾರದಿರೋದು ಎಲ್ಲಕ್ಕೂ ಕಾರಣ ಇದೇ.

ಈಗ ಮೀನಿನ ಕಡೆಯಿಂದ ನೋಡಿ. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಸೀಮೆಯ ಮೆದು, ಸ್ವಲ್ಪ ಆಮ್ಲೀಯ ನೀರು. ಏಂಜೆಲ್ ಕೂಡ ಅಲ್ಲಿಯದೇ. ಗಪ್ಪಿ, ಪ್ಲಾಟಿ, ಮೋಲಿಗಳು ಗಡಸು, ಕ್ಷಾರೀಯ ನೀರಿನಲ್ಲಿ ಆರಾಮಾಗಿರೋವು. ಫಾರ್ಮ್‌ನಲ್ಲಿ ತಲೆಮಾರುಗಟ್ಟಲೆ ಬೆಳೆದ ಮೀನುಗಳು ತಮ್ಮ ಕಾಡಿನ ಅಜ್ಜಂದಿರಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೂ 340 ಪಿಪಿಎಂನಲ್ಲಿ ನಿಯಾನ್ ಬದುಕಿಬಿಡುತ್ತೆ ಅಂತ ಧೈರ್ಯ ಹೇಳೋಕೆ ನನಗೆ ಮನಸ್ಸಿಲ್ಲ.

ಮೆಸ್ಸಿನ ಆರ್‌ಒ ನೀರು ಬೆರೆಸಿ ಗಡಸುತನ ಇಳಿಸಬಹುದಲ್ಲ ಅಂತ ನೀವು ಕೇಳಬಹುದು. ಬಹುದು. ನಾನೂ ಒಂದು ತಿಂಗಳು ಮಾಡಿದೆ. ಇಂಟರ್ನಲ್ಸ್ ವಾರ ಬಂತು, ಮರೆತೆ, ನನ್ನ ಬದಲು ಇನ್ನೊಬ್ಬ ಬರೀ ಬೋರ್ ನೀರು ಸುರಿದ. ಒಂದೇ ದಿನದಲ್ಲಿ ನೀರಿನ ಗುಣ ಅಷ್ಟು ಏರುಪೇರಾಗೋದು ಗಡಸು ನೀರಿಗಿಂತ ಕೆಟ್ಟದ್ದು. ಹಾಸ್ಟೆಲ್ ಟ್ಯಾಂಕ್ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಕೈ ಬದಲಾಗುವ ಸಿಸ್ಟಮ್. ಒಬ್ಬನ ಶ್ರದ್ಧೆಯ ಮೇಲೆ ನಿಂತ ಡಿಸೈನ್ ಅವನು ಹೋದ ದಿನ ಬೀಳುತ್ತೆ. ನಲ್ಲಿ ತಿರುಗಿಸಿದರೆ ಏನು ಬರುತ್ತೋ ಅದರಲ್ಲೇ ಸುಖವಾಗಿರೋ ಮೀನು ತರೋದು ಸರಿ. ನಿಮ್ಮ ಮನೆ ಬೆಂಗಳೂರಿನಲ್ಲಿದ್ದು ಕಾವೇರಿ ನೀರು ಬರ್ತಿದ್ರೆ ಈ ಪಟ್ಟಿಯೇ ಬೇರೆ ಆದೀತು. ಅಲ್ಲಿ ಕ್ಲೋರಿನ್ ತೆಗೆಯೋಕೆ ಅಂಗಡಿಯ ಆಂಟಿ ಕ್ಲೋರಿನ್ ಹನಿ ಮರೆಯಬೇಡಿ.

ಪಿಎಚ್ 8 ಅಂದೆನಲ್ಲ, ಅದಕ್ಕೆ ಇನ್ನೊಂದು ಮುಖ ಇದೆ. ಮೀನಿನ ತ್ಯಾಜ್ಯದಿಂದ ಅಮೋನಿಯಾ ಬರುತ್ತೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತೆ: ಅಷ್ಟೇನೂ ತೊಂದರೆ ಕೊಡದ ಅಮೋನಿಯಂ ಅಯಾನು, ಕಿವಿರು ಸುಡುವ ಅಮೋನಿಯಾ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಸುಮಾರು 0.6%. ಪಿಎಚ್ 8 ಆದರೆ ಸುಮಾರು 5%. ಒಂದೇ ಅಂಕಿ ವ್ಯತ್ಯಾಸ, ಹತ್ತಿರ ಹತ್ತಿರ ಹತ್ತು ಪಟ್ಟು ವಿಷ. ಲಾಗ್ ಸ್ಕೇಲ್ ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಮ್ಯಾಥ್ಸ್ ಕ್ಲಾಸಿನಲ್ಲಲ್ಲ, ಬಾಯಿ ಬಿಡುತ್ತಿದ್ದ ಆ ಎರಡು ಗೋಲ್ಡ್ ಫಿಶ್‌ಗಳ ಮುಂದೆ. ನಮ್ಮಂಥ ನೀರಿನಲ್ಲಿ ಹೊಲಸು ಜಾಸ್ತಿ ಮಾಡೋ ಮೀನನ್ನು ತುಂಬಿದರೆ ತಪ್ಪಿಗೆ ಜಾಗ ಕಡಿಮೆ. ಗೋಲ್ಡ್ ಫಿಶ್ ಆ ಪೈಕಿ. ಮೇಲಾಗಿ ಅದಕ್ಕೆ ತಂಪು ನೀರು ಬೇಕು, ಏಂಜೆಲ್‌ಗೆ ಬೆಚ್ಚಗೆ ಬೇಕು. ಒಂದೇ ರೂಮಿನಲ್ಲಿ ಒಬ್ಬನಿಗೆ ಫ್ಯಾನು ಐದರಲ್ಲಿ, ಇನ್ನೊಬ್ಬನಿಗೆ ಕಂಬಳಿ.

ಬಾಯಿಗೆ ಹಿಡಿಯೋದೆಲ್ಲ ಊಟ

ನಿಯಾನ್‌ಗಳ ಹೆಣ ಯಾಕೆ ಸಿಗಲಿಲ್ಲ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆವು. ನಮ್ಮ "ಶಾರ್ಕ್" ತಿಂದಿತ್ತು. ಅದು ಶಾರ್ಕ್ ಅಲ್ಲವೇ ಅಲ್ಲ, ಪಂಗಾಸಿಯಸ್ ಅನ್ನೋ ಕ್ಯಾಟ್‌ಫಿಶ್. ಹೋಟೆಲಿನಲ್ಲಿ ಬಾಸಾ ಅಂತ ಮುಳ್ಳಿಲ್ಲದ ತುಂಡು ತಿಂದಿದ್ದೀರಲ್ಲ, ಬಹುಪಾಲು ಅದೇ. ಮೆಕಾಂಗ್ ನದಿಯದ್ದು, ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ನಮ್ಮ ಟ್ಯಾಂಕಿನ ಉದ್ದವೇ 91 ಸೆಂಟಿಮೀಟರ್. ಟ್ಯಾಂಕಿಗಿಂತ ಉದ್ದದ ಮೀನನ್ನು ನಾವು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ತಂದಿದ್ದೆವು!

ಅಂಗಡಿಯಲ್ಲಿ ಮಾರೋದೆಲ್ಲ ಮರಿ. ಇದೊಂದು ಮಾತು ನೆನಪಿಟ್ಟರೆ ಅರ್ಧ ಅನಾಹುತ ತಪ್ಪುತ್ತೆ. ಎರಡು ಇಂಚಿನ ಸಕ್ಕರ್ ಒಂದೂವರೆ ಅಡಿಯವರೆಗೂ ಬೆಳೆಯಬಹುದು, ದೊಡ್ಡದಾಗ್ತಾ ಪಾಚಿ ತಿನ್ನೋ ಆಸಕ್ತಿಯೂ ಕಡಿಮೆಯಾಗುತ್ತೆ. ಮುದ್ದಾಗಿ ಬಾಲ ಅಲ್ಲಾಡಿಸೋ ಆಸ್ಕರ್ ಒಂದು ಅಡಿ. ಬಾಲಾ ಶಾರ್ಕ್ ಕೂಡ ಅಡಿ ದಾಟುತ್ತೆ. ಏಂಜೆಲ್ ಉದ್ದಕ್ಕಿಂತ ಎತ್ತರ ಜಾಸ್ತಿ, ರೆಕ್ಕೆ ಸೇರಿ 20 ಸೆಂಟಿಮೀಟರ್ ದಾಟಬಹುದು. ಮೀನಿಗೆ ನೀತಿ ಅನೀತಿ ಇಲ್ಲ, ಬಾಯಿಗೆ ಹಿಡಿಯುತ್ತಾ ಇಲ್ಲವಾ ಅಷ್ಟೆ. ಒಟ್ಟಿಗೆ ಬೆಳೆದ ಏಂಜೆಲ್ ಕೂಡ ಒಂದು ದಿನ ದೊಡ್ಡದಾಗಿ, ಅವತ್ತಿನವರೆಗೆ ಪಕ್ಕದಲ್ಲಿ ಈಜಿದ ನಿಯಾನನ್ನು ನುಂಗಿದರೆ ಅದು ದ್ರೋಹ ಅಲ್ಲ. ಆದ್ದರಿಂದ ಎರಡು ಜಾತಿಯನ್ನು ಪಕ್ಕ ಪಕ್ಕ ಇಡುವ ಮುನ್ನ ಪೂರ್ತಿ ಬೆಳೆದ ದೊಡ್ಡದರ ಬಾಯಿ, ಚಿಕ್ಕದರ ಮೈ, ಎರಡನ್ನೂ ಕಣ್ಣ ಮುಂದೆ ತಂದುಕೊಳ್ಳಿ.

ದೊಡ್ಡದಾದ ಮೇಲೆ ಏನು ಮಾಡ್ತಾರೆ ಗೊತ್ತಾ? ಕೆರೆಗೆ ಬಿಡ್ತಾರೆ. "ಪಾಪ, ಸ್ವಾತಂತ್ರ್ಯ ಸಿಗಲಿ" ಅಂತ. ದಕ್ಷಿಣ ಅಮೆರಿಕದ ಸಕ್ಕರ್ ಹೀಗೇ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಿಗೆ ಸೇರಿ ಅಲ್ಲೇ ಮರಿ ಮಾಡುತ್ತಿದೆ. ದಂಡೆಯಲ್ಲಿ ಬಿಲ ತೋಡುತ್ತೆ, ಬಲೆ ಹರಿಯುತ್ತೆ, ಮೈಮೇಲೆ ಗಟ್ಟಿ ಚಿಪ್ಪಿನ ಕವಚ ಇರೋದರಿಂದ ಅದನ್ನು ಸುಲಭಕ್ಕೆ ತಿನ್ನೋರೂ ಇಲ್ಲ. ನಮ್ಮ ಕ್ಯಾಂಪಸ್ ಹೊಂಡಕ್ಕೂ ಬಿಡೋಣ ಅಂತ ನಮ್ಮಲ್ಲೇ ಒಬ್ಬ ಹೇಳಿದ್ದ. ಬಿಡಲಿಲ್ಲ. ಶಾರ್ಕ್, ಸಕ್ಕರ್ ಎರಡನ್ನೂ ಅದೇ ಅಂಗಡಿಗೆ ಒಯ್ದು ವಾಪಸ್ ಕೊಟ್ಟೆವು. ದುಡ್ಡು ಕೊಡಲಿಲ್ಲ, ತಗೊಂಡನಲ್ಲ ಅಷ್ಟೇ ಸಾಕು ಅನ್ನಿಸಿತು.

ರೌಡಿಗಳು ಅಂದುಕೊಂಡವರು

ಟೈಗರ್ ಬಾರ್ಬ್‌ಗಳ ಮೇಲೆ ನನಗೆ ಬಹಳ ಸಿಟ್ಟಿತ್ತು. ಏಂಜೆಲ್, ಗಪ್ಪಿಗಳ ರೆಕ್ಕೆ ಬಾಲ ಕಿತ್ತವರು ಅವರೇ. ಉಳಿದಿದ್ದ ನಾಲ್ಕನ್ನೂ ಆ ಲ್ಯಾಬ್ ಇನ್‌ಸ್ಟ್ರಕ್ಟರ್ ಮನೆಗೆ ಒಯ್ದರು. ಅವರದ್ದು ನಾಲ್ಕು ಅಡಿ ಟ್ಯಾಂಕ್. ಅವರು ಮಾಡಿದ್ದು ಒಂದೇ ಕೆಲಸ: ಇನ್ನೂ ಆರು ಬಾರ್ಬ್ ತಂದು ಸೇರಿಸಿದರು. ಆರು ತಿಂಗಳ ನಂತರ ನೋಡೋಕೆ ಹೋದರೆ ಹತ್ತೂ ತಮ್ಮ ತಮ್ಮಲ್ಲೇ ಅಟ್ಟಾಡಿಕೊಂಡು, ಅಲ್ಲಿದ್ದ ಬೇರೆ ಮೀನುಗಳ ಕಡೆ ತಿರುಗಿಯೂ ನೋಡ್ತಿರಲಿಲ್ಲ.

ಬಾರ್ಬ್, ಟೆಟ್ರಾ, ಡೇನಿಯೊ, ಕೋರಿ ಇವೆಲ್ಲ ಗುಂಪಿನ ಮೀನು. ಗುಂಪಿನೊಳಗೇ ಯಾರು ಮೇಲು ಯಾರು ಕೆಳಗು ಅಂತ ಅವರವರ ಲೆಕ್ಕ ನಡೆಯುತ್ತಿರುತ್ತೆ. ಗುಂಪು ಸಣ್ಣದಾದರೆ ಆ ತಳ್ಳಾಟವೆಲ್ಲ ಪಕ್ಕದ ಮನೆಯವರ ಮೇಲೆ ತಿರುಗುತ್ತೆ, ಇಲ್ಲವೇ ಹೆದರಿ ಮೂಲೆ ಸೇರುತ್ತವೆ. ಅಂಗಡಿಯಲ್ಲಿ ನಾವು "ಇದೆರಡು, ಅದೆರಡು" ಅಂತ ಆರಿಸ್ತೀವಲ್ಲ, ಮದುವೆ ಮನೆಯ ಊಟದಲ್ಲಿ ಎಲ್ಲಾ ಪಲ್ಯವೂ ಒಂದೊಂದು ಚಮಚ ಹಾಕಿಸಿಕೊಂಡ ಹಾಗೆ, ಅದೇ ತಪ್ಪು. ಜಾತಿ ಕಡಿಮೆ, ತಲೆ ಜಾಸ್ತಿ ಇರಬೇಕು. ಕನಿಷ್ಠ ಆರು; ಟೈಗರ್ ಬಾರ್ಬ್‌ಗೆ ಎಂಟು ಹತ್ತು. ಹಾಗಂತ ಹತ್ತು ಬಾರ್ಬ್ ಇದ್ದರೂ ಉದ್ದ ಬಾಲದ ಗಪ್ಪಿಯನ್ನು ಅವುಗಳ ಜೊತೆ ಬಿಡೋ ಧೈರ್ಯ ನನಗಿಲ್ಲ.

ಫೈಟರ್ ಮಾತ್ರ ಇದಕ್ಕೆ ತದ್ವಿರುದ್ಧ. ಎರಡು ಗಂಡು ಒಂದೇ ಟ್ಯಾಂಕಿನಲ್ಲಿ ಬೇಡವೇ ಬೇಡ. ಒಂಟಿ ಫೈಟರ್ ಕೂಡ ಬಣ್ಣದ ಬಾಲದ ಗಪ್ಪಿ ಕಂಡರೆ ಇನ್ನೊಂದು ಗಂಡು ಅಂತ ತಿಳಿದು ಮೇಲೆ ಬೀಳಬಹುದು.

ಕೊನೆಗೆ ನಾವು ಆರಿಸಿದ್ದು

ಎರಡನೇ ಸಲವೂ 19 ಮೀನೇ. ಬೇಕಂತ ಮಾಡಿದ್ದಲ್ಲ, ಕೂಡಿಸಿದಾಗ ಹಾಗೆ ಬಂತು. ಎಂಟು ಜೀಬ್ರಾ ಡೇನಿಯೊ, ಐದು ಪ್ಲಾಟಿ, ಆರು ಕಂಚು ಬಣ್ಣದ ಕೋರಿ ಕ್ಯಾಟ್‌ಫಿಶ್. ಅದೇ ಟ್ಯಾಂಕ್, ಅದೇ ಬೋರ್ ನೀರು.

ಮೂರೂ ಗಡಸು ನೀರಿಗೆ ಜಗ್ಗದವು. ಉಷ್ಣಾಂಶ ನೋಡುವಾಗ ಸೆಟ್ ಥಿಯರಿಯ ಇಂಟರ್‌ಸೆಕ್ಷನ್ ತೆಗೆಯಬೇಕು: ಡೇನಿಯೊಗೆ 18ರಿಂದ 26, ಪ್ಲಾಟಿಗೆ 20ರಿಂದ 26, ಕೋರಿಗೆ 21ರಿಂದ 27. ಕನಿಷ್ಠಗಳಲ್ಲಿ ದೊಡ್ಡದು, ಗರಿಷ್ಠಗಳಲ್ಲಿ ಚಿಕ್ಕದು: 21ರಿಂದ 26. ನಮ್ಮ ಕಡೆ ವರ್ಷದ ಹೆಚ್ಚಿನ ದಿನ ಹೀಟರ್ ಇಲ್ಲದೆ ಇದರೊಳಗೇ ಇರುತ್ತೆ. ಏಪ್ರಿಲ್‌ನಲ್ಲಿ 29, 30 ಮುಟ್ಟುತ್ತೆ, ಆಗ ಮುಚ್ಚಳದ ಬದಲು ಬಲೆ ಹೊದಿಸಿ ನೀರಿನ ಮೇಲೆ ಟೇಬಲ್ ಫ್ಯಾನ್ ಗಾಳಿ ಬಿಡಿ. ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತೆ. ಬಲೆ ಯಾಕೆಂದರೆ ಡೇನಿಯೊ ಹಾರುತ್ತೆ.

ಮೂರೂ ಐದಾರು ಸೆಂಟಿಮೀಟರಿನ ಆಸುಪಾಸು. ಯಾರ ಬಾಯಿಗೂ ಯಾರೂ ಹಿಡಿಯಲ್ಲ. ಡೇನಿಯೊ ಮೇಲ್ಭಾಗದಲ್ಲಿ ಇಡೀ ದಿನ ಓಟ, ಪ್ಲಾಟಿ ನಡುವೆ, ಕೋರಿ ತಳದಲ್ಲಿ. ಪ್ಲಾಟಿಯ ರೆಕ್ಕೆ ಚಿಕ್ಕದು, ಕಚ್ಚೋಕೆ ಏನೂ ಸಿಗಲ್ಲ. ಗಪ್ಪಿಯನ್ನು ಬಿಟ್ಟು ಪ್ಲಾಟಿ ತಂದದ್ದು ಅದಕ್ಕೇ. ಐದೂ ಗಂಡು. ಹೆಣ್ಣೊಂದು ಬಂದರೂ ಸಾಕು, ಒಂದು ಸಲ ಕೂಡಿದ ಮೇಲೆ ವೀರ್ಯ ಒಳಗೇ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರುತ್ತೆ, ನಿಮ್ಮ 19 ಯಾವಾಗ 60 ಆಯ್ತು ಅಂತಲೇ ಗೊತ್ತಾಗಲ್ಲ. ಗಂಡನ್ನು ಗುರುತಿಸೋದು ಸುಲಭ: ಹೊಟ್ಟೆಯ ಕೆಳಗಿನ ಹಿಂದಿನ ರೆಕ್ಕೆ ಬೀಸಣಿಗೆಯ ಹಾಗಿರದೆ ಕಡ್ಡಿಯ ಹಾಗಿರುತ್ತೆ.

ಡೇನಿಯೊ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತಿಪ್ಪತ್ತು ರೂಪಾಯಿಗೆ ಸಿಗೋ ಈ ಪಟ್ಟೆ ಮೀನನ್ನು ಅಂಗಡಿಯಲ್ಲಿ ಯಾರೂ ತಿರುಗಿ ನೋಡಲ್ಲ. ಇದು ನಮ್ಮ ಉಪಖಂಡದ್ದೇ ಮೀನು. ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ಬರೆದ ಪುಸ್ತಕದಲ್ಲಿ. ಈ ಹ್ಯಾಮಿಲ್ಟನ್ ಯಾರು ಅಂತೀರಿ? ಟಿಪ್ಪು ಸತ್ತ ಮೇಲೆ 1800–01ರಲ್ಲಿ ಕಂಪನಿಯವರು ಮೈಸೂರು, ಕೆನರಾ ಸೀಮೆಗಳನ್ನು ಊರೂರು ಸುತ್ತಿ ಬೆಳೆ, ನೇಯ್ಗೆ, ಜನಜೀವನದ ವಿವರ ಬರೆಯಲು ಕಳಿಸಿದ ಬುಕನನ್ ಇದ್ದಾನಲ್ಲ, ಹೈಸ್ಕೂಲ್ ಇತಿಹಾಸದಲ್ಲಿ ಹೆಸರು ಕೇಳಿರ್ತೀರಿ, ಅವನೇ. ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡ. ಈ ಮೀನಿನ ಭ್ರೂಣ ಗಾಜಿನ ಹಾಗೆ ಪಾರದರ್ಶಕ, ಹಾಗಾಗಿ ಇವತ್ತು ಜಗತ್ತಿನಾದ್ಯಂತ ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಇದನ್ನು ಸಾಕ್ತಾರೆ.

ನಮ್ಮ ಪಶ್ಚಿಮ ಘಟ್ಟದ ಮೀನು ಯಾಕಿಲ್ಲ ಅಂತಲೂ ಕೇಳಿದ್ದಾರೆ, ಮಿಸ್ ಕೇರಳ ಅಂತ ಕರೆಯೋ ಡೆನಿಸನ್ ಬಾರ್ಬ್ ತೋರಿಸಿ. ಕೆಂಪು ಗೆರೆ, ಕಪ್ಪು ಗೆರೆ, ನಿಜಕ್ಕೂ ಸುಂದರಿ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹರಿಯೋ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಹದಿನೈದು ಸೆಂಟಿಮೀಟರ್ ಬೆಳೆಯುತ್ತೆ, ಗುಂಪಿನಲ್ಲೇ ಇರಬೇಕು, ತಂಪಾದ, ಆಮ್ಲಜನಕ ತುಂಬಿದ, ಹರಿಯೋ ನೀರು ಬೇಕು. ಮೂರು ಅಡಿಯ ಟ್ಯಾಂಕಿನಲ್ಲಿ ಅದನ್ನು ಇಡೋದು ಓಟಗಾರನನ್ನು ಲಿಫ್ಟಿನಲ್ಲಿ ಕೂರಿಸಿದ ಹಾಗೆ. ಅಲ್ಲದೆ ಅಕ್ವೇರಿಯಂ ವ್ಯಾಪಾರಕ್ಕೆ ಅಂತ ಹೊಳೆಗಳಿಂದ ಹಿಡಿದೂ ಹಿಡಿದೂ ಅದು ಐಯುಸಿಎನ್‌ನ ಅಪಾಯದಂಚಿನ ಪಟ್ಟಿ ಸೇರಿದೆ. ಹೊಳೆಯಲ್ಲಿ ನೋಡೋಣ.

ಕೋರಿಗಳನ್ನು ಅಂಗಡಿಯವರು "ಕ್ಲೀನರ್" ಅಂತ ಮಾರ್ತಾರೆ. ಅವು ಕಸ ಗುಡಿಸೋಕೆ ಬಂದ ಆಳಲ್ಲ. ಮೇಲೆ ಡೇನಿಯೊಗಳು ಎಲ್ಲ ಮುಕ್ಕಿದ ಮೇಲೆ ತಳಕ್ಕೆ ಏನೂ ಬರಲ್ಲ, ಲೈಟ್ ಆರಿಸಿದ ಮೇಲೆ ಮುಳುಗೋ ಪೆಲೆಟ್ ನಾಲ್ಕೈದು ಹಾಕಲೇಬೇಕು. ಅವುಗಳ ಮೀಸೆ ಮೃದು, ಮರಳಿನಲ್ಲಿ ಮೂತಿ ತೂರಿಸಿ ಹುಡುಕುತ್ತವೆ. ಅದಕ್ಕೇ ತಳಕ್ಕೆ ಹಾಕಿರೋದು ತೊಳೆದ ನುಣುಪು ಮರಳು. ಹೊಸ ಬ್ಲಾಕ್ ಕಟ್ಟೋ ಕಡೆಯಿಂದ ಎಂ-ಸ್ಯಾಂಡ್ ತರೋಕೆ ಹೊರಟವರಿಗೆ: ಕಲ್ಲು ಪುಡಿ ಮಾಡಿದ ಮರಳಿನ ಕಣಕ್ಕೆ ಮೂಲೆಗಳಿರ್ತವೆ, ಕಾಂಕ್ರೀಟಿಗೆ ಒಳ್ಳೇದು, ಮೀಸೆಗಲ್ಲ. ಸಿವಿಲ್‌ನವರನ್ನು ಕೇಳಿ. ಇನ್ನೊಂದು, ಕೋರಿ ಆಗಾಗ ಸರ್ರನೆ ಮೇಲೆ ಹೋಗಿ ಗಾಳಿ ಗುಟುಕರಿಸಿ ಬರುತ್ತೆ. ಅದು ಅದರ ಅಭ್ಯಾಸ, ಕರುಳಿನಲ್ಲೂ ಉಸಿರಾಡುತ್ತೆ. ಎಲ್ಲಾ ಮೀನೂ ಮೇಲೆ ಬಂದು ನಿಂತೇ ಇದ್ದರೆ ಮಾತ್ರ ಗಾಬರಿಯಾಗಿ.

ಯಾವಾಗ ಬಿಟ್ಟೆವು

ಹೊಂದುವ ಮೀನನ್ನೇ ಆರಿಸಿದರೂ ಒಂದೇ ಸಂಜೆ 19 ಬಿಟ್ಟಿದ್ದರೆ ಇವೂ ಸಾಯ್ತಿದ್ದವು. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸೋ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು. ಎರಡನೇ ಸಲ ನಾವು ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟೆವು. ಐದು ವಾರ ಎಲ್ಲರೂ ಬಂದು "ಮೀನೆಲ್ಲಿ?" ಅಂತ ನಗ್ತಿದ್ದರು. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿತು, ಅದು ಇಳಿಯುವಾಗ ನೈಟ್ರೈಟ್ ಏರಿತು, ಆಮೇಲೆ ಎರಡೂ ಸೊನ್ನೆ. ಅವತ್ತು ಡೇನಿಯೊ ತಂದೆವು, ಎರಡು ವಾರ ಬಿಟ್ಟು ಪ್ಲಾಟಿ, ಮತ್ತೆ ಮೂರು ವಾರ ಬಿಟ್ಟು ಕೋರಿ. ಮೀನು ಜಾಸ್ತಿಯಾದಂತೆ ಬ್ಯಾಕ್ಟೀರಿಯಾವೂ ಬೆಳೆಯಬೇಕಲ್ಲ, ಸ್ಟೆಪ್ ಇನ್‌ಪುಟ್ ಕೊಟ್ಟರೆ ಸಿಸ್ಟಮ್ ತಡೆಯಲ್ಲ.

ಪ್ರತಿ ಬ್ಯಾಚನ್ನೂ ಮೊದಲು ಎರಡು ವಾರ ಬೇರೆ ಟಬ್ಬಿನಲ್ಲಿ, ಒಂದು ಏರ್ ಪಂಪಿನೊಡನೆ ಇಟ್ಟಿದ್ದೆವು. ಪ್ಲಾಟಿಗಳ ಮೈಮೇಲೆ ನಾಲ್ಕನೇ ದಿನ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಕಂಡಿತು. ಟಬ್ಬಿನಲ್ಲೇ ಔಷಧಿ ಕೊಟ್ಟು ವಾಸಿಯಾಯಿತು. ನೇರ ಟ್ಯಾಂಕಿಗೆ ಬಿಟ್ಟಿದ್ದರೆ ಡೇನಿಯೊಗಳಿಗೂ ಹತ್ತುತ್ತಿತ್ತು.

ಜಾಗ ಇದೆ ಅಂತ

ಈಗ ಆ ಏಂಜೆಲ್ ಪ್ರಶ್ನೆ. ನಮ್ಮ ನೀರು ಅದಕ್ಕೆ ಗಡಸು. ಅದಕ್ಕೆ ಬೇಕಾದ ಬೆಚ್ಚನೆಯ ನೀರು, 26ರ ಮೇಲೆ, ಡೇನಿಯೊಗೆ ಬೇಡ. ನಿಧಾನವಾಗಿ ತೇಲೋ ಏಂಜೆಲ್ ಬರುವಷ್ಟರಲ್ಲಿ ಡೇನಿಯೊಗಳು ಊಟ ಮುಗಿಸಿರ್ತವೆ, ಜೊತೆಗೆ ಅದರ ಉದ್ದ ರೆಕ್ಕೆಯನ್ನು ಕಚ್ಚಿಯೂ ನೋಡಬಹುದು. ಎರಡು ಏಂಜೆಲ್ ಜೋಡಿಯಾಗಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ನಮ್ಮದು ಅಂತ ಉಳಿದವರನ್ನು ಅಟ್ಟುತ್ತವೆ. ನಿಮಗೆ ಖಾಲಿ ಕಾಣೋ ಆ ಜಾಗ ಡೇನಿಯೊಗಳ ಗ್ರೌಂಡು. ನಮ್ಮ ಕ್ರಿಕೆಟ್ ಗ್ರೌಂಡ್ ಖಾಲಿ ಇದೆ ಅಂತ ಅಲ್ಲಿ ಇನ್ನೊಂದು ಬ್ಲಾಕ್ ಕಟ್ಟೋಣ ಅಂದ್ರೆ ಒಪ್ತೀರಾ?

ಏಂಜೆಲ್ ಬೇಕೇ ಬೇಕು ಅಂದ್ರೆ ಎತ್ತರದ ಬೇರೆ ಟ್ಯಾಂಕ್ ಮಾಡಿ, ಅದಕ್ಕೆ ತಕ್ಕ ಜೊತೆಗಾರರನ್ನು ಹುಡುಕಿ. ಬೇಡ ಅನ್ನಲ್ಲ.

ಕೊನೇದಾಗಿ ರಜೆ. ಬೆಳೆದ ಮೀನು ವಾರ ಹತ್ತು ದಿನ ಉಪವಾಸ ಇದ್ದರೆ ಏನೂ ಆಗಲ್ಲ. ಸೆಮ್ ರಜೆ ಅದಕ್ಕಿಂತ ಉದ್ದ. ಹೋದ ವರ್ಷ ಮೆಸ್ಸಿನ ಅಣ್ಣನಿಗೆ ಡಬ್ಬಿಯನ್ನೇ ಕೊಟ್ಟು ಹೋಗಿದ್ದೆವು. ಅವರು ಪ್ರೀತಿಯಿಂದ ಮೂರು ಹೊತ್ತೂ ಹಾಕಿದ್ದಲ್ಲದೆ ಚಪಾತಿ ಚೂರೂ ಹಾಕಿದ್ದರು. ವಾಪಸ್ ಬಂದಾಗ ನೀರು ಗಂಜಿ ಆಗಿತ್ತು. ಈ ಸಲ ಎರಡು ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಕೊಡಿ. ಡಬ್ಬಿ ಬೀಗದೊಳಗೆ ಇರಲಿ.

ನೋಟ್‌ಬುಕ್ ಸ್ಟ್ಯಾಂಡಿನ ಕೆಳಗಿನ ತಟ್ಟೆಯಲ್ಲಿದೆ, ನೀಲಿ ಬೈಂಡು. ವಾರಕ್ಕೊಮ್ಮೆ 20 ಲೀಟರ್ ನೀರು ಬದಲು, ಹಿಂದಿನ ರಾತ್ರಿಯೇ ತುಂಬಿಟ್ಟ ಬಕೆಟ್ಟಿನಿಂದ. ಫಿಲ್ಟರ್ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ಬೇಡ, ಸೋಪಂತೂ ಬೇಡವೇ ಬೇಡ. ಮೊನ್ನೆ ಎಣಿಸಿದಾಗ ಎಂಟು, ಐದು, ಆರು. ಬರುವ ಶನಿವಾರದ ಸರದಿ ಆ ಫೋಟೋ ತಂದಿದ್ದ ಮೂವರದ್ದೇ. ಹೆಸರು ಬರೆದಿದ್ದೀನಿ.